ಶೈಲತ್ತೆ ಗ್ರಿಡೈರನ್ ಆಡಿದ ವರ್ಷ

ಮೊನ್ನೆ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ನಮ್ಮ ಮನೆಯಲ್ಲಿ ಮಗಳು ಆಟ ಮುಗಿಸಿ ಬಂದು ಒದ್ದೆ ಸಾಕ್ಸನ್ನು ಹೀಟರ್ ಮುಂದೆ ಹರವಿದ್ದಳು. ಕೆಸರು, ಬೆವರು, ತುಳಿದ ಹುಲ್ಲು ಎಲ್ಲ ಬೆರೆತ ಆ ವಾಸನೆ ಒಲೆಯ ಮೇಲಿನ ಇಂಗಿನ ಒಗ್ಗರಣೆಗೆ ಸೇರಿದ್ದೇ ತಡ, ನಾನು ಸೌಟು ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಸಿಡ್ನಿಯ ನಮ್ಮ ಹಳೆಯ ಮನೆ ಒಂದು ವರ್ಷ ಹೀಗೇ ನಾರುತ್ತಿತ್ತು. ನಾರುವುದು ಅನ್ನುವುದು ಅಜ್ಜಿಯ ಮಾತು. ನನಗೆ ಅದಕ್ಕಿಂತ ಒಳ್ಳೆಯ ವಾಸನೆ ಆಮೇಲೆ ಸಿಕ್ಕಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಈಗ ಇಲ್ಲದೆಯೂ ಇರಬೇಕು.

ಪೆಂಡಲ್ ಹಿಲ್ ಸ್ಟೇಷನ್ನಿಗೆ ಹತ್ತಿರದ ಬಾಡಿಗೆ ಮನೆ ಅದು. ಅಪ್ಪ ಧಾರವಾಡದವರು, ಅಮ್ಮ ಮೈಸೂರಿನವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಒಬ್ಬಳೇ ಮಗಳು. ಅಪ್ಪನ ತಂಗಿ ಶೈಲತ್ತೆ ನಮ್ಮ ಜೊತೆಗಿದ್ದು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಊರಲ್ಲಿ ಕಾಲೇಜು ಮುಗಿಯುವವರೆಗೂ ಹ್ಯಾಂಡ್‌ಬಾಲ್ ಆಡಿದವಳು. ಅಮೆರಿಕನ್ ಫುಟ್‌ಬಾಲ್‌ಗೆ ಇಲ್ಲಿಯವರು ಗ್ರಿಡೈರನ್ ಅನ್ನುತ್ತಾರೆ. ಹೆಂಗಸರ ತಂಡವೊಂದಕ್ಕೆ ಜನ ಸಾಲದೆ, ಲ್ಯಾಬಿನ ಗೆಳತಿ ಅತ್ತೆಯನ್ನು ಎಳೆದುಕೊಂಡು ಹೋದಳು. ಹೆಲ್ಮೆಟ್ ಹಾಕಿಕೊಳ್ಳಲೂ ಬಾರದವಳ ಎಸೆತ ನೋಡಿ ಕೋಚ್ ಅವಳನ್ನು ನೇರವಾಗಿ ಕ್ವಾರ್ಟರ್‌ಬ್ಯಾಕ್ ಮಾಡಿಬಿಟ್ಟರು. ಪ್ರತಿ ಸಲ ಚೆಂಡು ಮೊದಲು ಅವಳ ಕೈಗೆ ಬರುತ್ತದೆ; ಎದುರಾಳಿಗಳು ನುಗ್ಗಿ ಬಂದು ಕೆಡವುವುದರೊಳಗೆ ಯಾರಿಗೆ ಎಸೆಯಬೇಕೆಂದು ಅವಳೇ ತೀರ್ಮಾನಿಸಬೇಕು. ವರ್ಷವರ್ಷವೂ ಕೊನೆಯಲ್ಲಿರುತ್ತಿದ್ದ ತಂಡ ಗೆಲ್ಲತೊಡಗಿತು. ಶನಿವಾರ ಸಂಜೆ ಅತ್ತೆ ಕೆಸರು ಮೆತ್ತಿಕೊಂಡು ಬಂದು, ಬಾಗಿಲಲ್ಲೇ ಬೂಟು ಬಿಚ್ಚುತ್ತ, ಅಮ್ಮ, ನಾನು ಹೋಗಿ ನೋಡಿಯೇ ಬಂದಿದ್ದರೂ, ಅಡುಗೆಮನೆಗೆ ಕೇಳುವಂತೆ ಆಟವನ್ನೆಲ್ಲ ಮತ್ತೆ ಹೇಳುತ್ತಿದ್ದಳು. ಅತ್ತಿಗೆಯನ್ನು ಧಾರವಾಡದ ರೂಢಿಯಂತೆ "ವೈನಿ" ಎಂದು ಕರೆಯುವ ಅವಳಿಗೆಂದೇ ಅಮ್ಮ ಬಿಸಿ ಚಪಾತಿ ತೆಗೆದಿಡುತ್ತಿದ್ದಳು.

ಸೀಸನ್ ಅರ್ಧವಾಗಿದ್ದಾಗ ಧಾರವಾಡದಿಂದ ಅಜ್ಜಿ ಬಂದರು. ಮಗಳ ಭುಜದ ಮೇಲಿನ ನೀಲಿ ಬಾವು ನೋಡಿ ಅಪ್ಪನ ಮೇಲೆ ಹರಿಹಾಯ್ದರು. "ಹೆಣ್ಣಹುಡುಗಿ ಮಣ್ಣಾಗ ಬಿದ್ದು ಹೊರಳಾಡ್ತಾಳ, ನೀವು ನೋಡಕೋತ ಕೂತೀರಿ!" ಅವರು ಬಂದದ್ದೇ ಅತ್ತೆಯ ಮದುವೆ ಗೊತ್ತು ಮಾಡಲು. ಮೆಲ್ಬರ್ನ್‌ನಲ್ಲಿದ್ದ ಹುಬ್ಬಳ್ಳಿ ಕಡೆಯ ಕುಟುಂಬವೊಂದು ಹುಡುಗಿ ನೋಡಲು ಬರುತ್ತೇವೆಂದ ಶನಿವಾರವೇ ಸೆಮಿಫೈನಲ್. ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಅದನ್ನು ಹೇಳಿದಳು. "ಆಟ ಮತ್ತ ಬರತದ, ಇಂಥಾ ಮನಿತನ ಬರೂದಿಲ್ಲ," ಅಂದರು ಅಜ್ಜಿ. ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. ಅತ್ತೆ ಅರ್ಧ ಊಟಕ್ಕೇ ಎದ್ದು ಕೈತೊಳೆದಳು.

ಅಜ್ಜಿಗೆ ಒಂದು ದಿನವೂ ಎದುರಾಡದಿದ್ದ ಅಮ್ಮ ಆಗ ಎದ್ದು, ಅಪ್ಪನ ಫೋನ್ ತೆಗೆದುಕೊಂಡು ವರಾಂಡಕ್ಕೆ ಹೋದಳು. ಕಿಟಕಿಯಿಂದ ನಮಗೆಲ್ಲ ಕೇಳಿಸಿತು. "ನಮಸ್ಕಾರ, ನಾನು ಶೈಲನ ಅತ್ತಿಗೆ. ಶನಿವಾರ ಅವಳಿಗೆ ಮ್ಯಾಚ್ ಇದೆ. ನೀವು ಗ್ರೌಂಡ್‌ಗೇ ಬಂದ್ಬಿಡಿ. ನಮ್ಮ ಹುಡುಗಿ ಹೇಗಿದಾಳೋ ಹಾಗೇ ನೋಡಿದಂಗಾಗತ್ತೆ." ಒಳಗೆ ಬಂದು ಫೋನನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಅಂದಿನಿಂದ ಅಜ್ಜಿ ಅಮ್ಮನ ಜೊತೆ ಮಾತು ಬಿಟ್ಟರು.

ಹುಡುಗನ ಮನೆಯವರು ನಿಜವಾಗಿಯೂ ಬಂದರು, ಪೇಡೆಯ ಡಬ್ಬಿ ಹಿಡಿದುಕೊಂಡು. ರೇಷ್ಮೆ ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡ ಅಜ್ಜಿ, ಹುಡುಗನ ತಾಯಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಮುಖ ಬಿಗಿದು ಕೂತರು. ಆಟ ಅರ್ಥ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. "ಎಲ್ಲಾರೂ ಆಕಿನ್ನ ಯಾಕ ಅಟ್ಟಿಸ್ಕೊಂಡು ಬರ್ತಾರ?" ಅಂತ ಅಜ್ಜಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ. "ಅತ್ತೆ ಹತ್ರ ಬಾಲ್ ಇದೆ ಅಜ್ಜಿ, ಅದಕ್ಕೆ." ನಾನು ತಡವರಿಸದೆ ಕನ್ನಡ ಮಾತಾಡಿದ್ದು ಅಲ್ಲೇ ಮೊದಲು. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅದಕ್ಕೂ ಆ ಮಧ್ಯಾಹ್ನವೇ ಕಾರಣ.

ನಮ್ಮವರು ಅಂಕದಲ್ಲಿ ಹಿಂದಿದ್ದರು. ಕೊನೆಕೊನೆಗೆ ಇಬ್ಬರು ಒಟ್ಟಿಗೇ ಬಂದು ಅತ್ತೆಯನ್ನು ಅಡ್ಡ ಕೆಡವಿದರು, ಅವಳು ಏಳಲಿಲ್ಲ. ಅಜ್ಜಿ "ಶೈಲಾ!" ಎಂದು ಕೂಗಿ ಎದ್ದುನಿಂತರು. ಅತ್ತೆ ಮೊಣಕಾಲೂರಿ ಎದ್ದಳು, ಹೆಲ್ಮೆಟ್ ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೋದಳು. ಮರುಕ್ಷಣ ಅವಳ ಕೈಯಿಂದ ಹೊರಟ ಚೆಂಡು ಗಿರಗಿರನೆ ತಿರುಗುತ್ತ ಎಲ್ಲರ ತಲೆಯ ಮೇಲೆ ಹಾದು, ದೂರದಲ್ಲಿ ಓಡುತ್ತಿದ್ದ ಎತ್ತರದ ಹುಡುಗಿಯ ಎದೆಗೆ ಹೋಗಿ ಕೂತಿತು. ಅವಳು ಚೆಂಡು ಬಿಡದೆ ಕೊನೆಯ ಗೆರೆ ದಾಟಿದಳು, ಅಂಕ ನಮ್ಮದಾಯಿತು. ನಾವು ಗೆದ್ದೆವು. ಹುಡುಗನ ತಾಯಿ ಅಜ್ಜಿಯ ಕಡೆ ಬಾಗಿ, "ಹೆಲ್ಮೆಟ್‌ನ್ಯಾಗ ಗೊತ್ತಾಗವಲ್ದು, ನಿಮ್ಮ ಮಗಳು ಯಾವಾಕಿರಿ?" ಅಂತ ಕೇಳಿದರು. ಅಜ್ಜಿ ಇನ್ನೂ ಕೂತಿರಲಿಲ್ಲ. "ಎಲ್ಲಾರೂ ಎತ್ತಿಕೊಂಡು ಕುಣೀಲಿಕತ್ತಾರಲ್ಲ, ಆಕಿ."

ಕೆಲವು ದಿನಗಳ ಮೇಲೆ ಅವರಿಂದ ಮರ್ಯಾದೆಯಾಗಿಯೇ ಬೇಡವೆಂದು ಫೋನ್ ಬಂತು. ಅಜ್ಜಿ ಕೇಳಿಸಿಕೊಂಡು, ಫೋನ್ ಕೆಳಗಿಟ್ಟು, ಅಮ್ಮನ ಕಡೆ ತಿರುಗಿದರು. "ಹೋಗ್ಲಿ ಬಿಡವಾ. ಚಹಾ ಮಾಡು, ನನಗೂ ನಿನಗೂ."

ಫೈನಲ್ ಸೋತೆವು. ಆದರೂ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ ಅಂತ ಲೀಗಿನವರು ಅತ್ತೆಯ ಹೆಸರನ್ನೇ ಕರೆದರು. ಮರುವರ್ಷ ಜನ ಕೂಡದೆ ತಂಡ ಮುಚ್ಚಿತು. ಅತ್ತೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಹೋದಳು, ತಾನು ಮೆಚ್ಚಿದವನನ್ನು ಮದುವೆಯಾದಳು, ಮತ್ತೆ ಆಡಲಿಲ್ಲ. ಅಜ್ಜಿ ಊರಿಗೆ ಮರಳಿದವರು ಅಲ್ಲೇ ತೀರಿಕೊಂಡರು. ಈಗ ಅಮ್ಮನೂ ಇಲ್ಲ.

ಹೋದ ವರ್ಷ ಅತ್ತೆ, ನಾನು ಸಿಡ್ನಿಗೆ ಹೋದಾಗ ಪೆಂಡಲ್ ಹಿಲ್‌ನ ಆ ಬೀದಿಯಲ್ಲಿ ಕಾರು ನಿಲ್ಲಿಸಿದೆವು. ಹಳೆಯ ಮನೆ ಕೆಡವಿ ಎರಡು ಹೊಸ ಮನೆ ಕಟ್ಟಿದ್ದಾರೆ. ಅತ್ತೆ ಇಳಿದು ಹೊಸ ಗೇಟಿನ ಮುಂದೆ ನಿಂತು ಹೇಳಿದಳು: "ವೈನಿ ಎಲ್ಲಾ ಮ್ಯಾಚಿಗೂ ಬರ್ತಿದ್ರಲ್ಲ, ಒಂದೂ ಪೂರ್ತಿ ನೋಡಿಲ್ಲ, ಗೊತ್ತದ ಏನು? ನನ್ನ ಕೈಗೆ ಬಾಲ್ ಬಂದ ಕೂಡ್ಲೇ ಅಂಜಿ ಕಣ್ಣ ಮುಚ್ಚಿಕೋತಿದ್ರಂತ."

ನನಗೆ ಗೊತ್ತಿರಲಿಲ್ಲ. ಪ್ರತಿ ಆಟದಲ್ಲೂ ಅಮ್ಮನ ಪಕ್ಕದಲ್ಲೇ ಇರುತ್ತಿದ್ದೆ, ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ಇಷ್ಟು ವರ್ಷಗಳ ಮೇಲೂ ಅಮ್ಮನ ಬಗ್ಗೆ ಹೊಸದೊಂದು ಸಿಕ್ಕಿತಲ್ಲ ಎಂದು, ಆ ಅಪರಿಚಿತ ಗೇಟಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆವು.