ಬೆಚ್ಚಗಿದ್ದ ಗೇರ್ ಬಾಕ್ಸ್

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಉಮ್ಮಚಗಿ ಸುತ್ತಿನಲ್ಲಿ ಇಪ್ಪತ್ತೆಂಟು ವರ್ಷ ಪಶು ಆಸ್ಪತ್ರೆಯ ಕಂಪೌಂಡರ್ ಆಗಿದ್ದವನು ನಾನು. ದನಕ್ಕೆ ದೃಷ್ಟಿಯಾಗಿದೆ, ಎಮ್ಮೆಯ ಮೈ ಸುಡುತ್ತಿದೆ ಎಂದು ಓಡಿಬಂದವರಿಗೆಲ್ಲ ನನ್ನದು ಒಂದೇ ಮಾತು: ಕೈ ಹೇಳಿದ್ದು ಸುಳ್ಳು, ಕಡ್ಡಿ ಹೇಳಿದ್ದು ಸತ್ಯ. ಕಡ್ಡಿ ಎಂದರೆ ಥರ್ಮಾಮೀಟರ್. ಹಾಗೆಂದು ನನ್ನ ಕೈ ಕೆಟ್ಟದ್ದೇನಲ್ಲ. ದನದ ಕಿವಿಯ ಬುಡ ಹಿಡಿದು ಜ್ವರ ಎಷ್ಟೆಂದು ಹೇಳುತ್ತಿದ್ದೆ, ಆಮೇಲೆ ಕಡ್ಡಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ನಿವೃತ್ತಿಯಾದ ಮೇಲೂ ಕಡ್ಡಿ ನನ್ನ ಹೆಗಲ ಚೀಲದಲ್ಲೇ ಉಳಿಯಿತು. ಅಭ್ಯಾಸ, ಏನು ಮಾಡುವುದು.

ನಾಲ್ಕು ವರ್ಷದ ಹಿಂದಿನ ಮಾತು. ಬಿಳಗಿಯಲ್ಲಿ ನಮ್ಮ ಮನೆಯಲ್ಲೇ ಇರುವ ನನ್ನ ಅಕ್ಕನ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಶಿರಸಿಗೆ ಹೋಗಿ ಡಯಾಲಿಸಿಸ್. ಹೋಗುವುದು ಬರುವುದು ನನ್ನ ಹಳೆಯ ವ್ಯಾನಿನಲ್ಲಿ. ಬರುವಾಗ ಅಕ್ಕನಿಗೆ ಎಲ್ಲಿಲ್ಲದ ಚಳಿ. ಎರಡು ಕಂಬಳಿ ಹೊದ್ದರೂ ಸಿದ್ದಾಪುರ ದಾಟುವವರೆಗೆ ಹಲ್ಲು ಕಟಕಟ ಎನ್ನುತ್ತಿತ್ತು. ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ವ್ಯಾನಿನ ಗೇರ್ ಬಾಕ್ಸ್ ಹೋಯಿತು. ಮೊದಲು ಮೂರನೇ ಗೇರ್ ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು, ಕಡೆಗೆ ಯಾವ ಗೇರೂ ಹಿಡಿಯಲಿಲ್ಲ. ಒಳಗೆಲ್ಲ ಸವೆದಿದೆ, ರಿಪೇರಿ ಮಾಡುವ ಬದಲು ಗುಜರಿಯಲ್ಲಿ ಇಡೀ ಡಬ್ಬಿಯನ್ನೇ ನೋಡೋಣ ಎಂದ ಮೆಕ್ಯಾನಿಕ್ ಮಂಜ. ಅಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ನಿಧಾನಕ್ಕೆ ಹೇಳಿದಳು, "ವ್ಯಾನಿಗೂ ಸಾಕಾತು, ಎಂಗೂ ಸಾಕಾತು. ಇನ್ನು ಬಿಟ್ಟಾಕನ ತಮಾ." ಡಯಾಲಿಸಿಸ್ ಬಿಟ್ಟರೆ ಹತ್ತು ಹದಿನೈದು ದಿನ, ಅಷ್ಟೇ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಶುಕ್ರವಾರ ಒಂದು ಬಾಡಿಗೆ ಕಾರಿನಲ್ಲಿ ಹೋಗೋಣ, ಆಮೇಲಿನದು ಆಮೇಲೆ ಎಂದು ಹೇಗೋ ಒಪ್ಪಿಸಿದೆ.

ಆ ಶುಕ್ರವಾರ ಡಯಾಲಿಸಿಸ್ ಮುಗಿಸಿಕೊಂಡು, ಮಂಜನನ್ನೂ ಕೂರಿಸಿಕೊಂಡು, ಯಲ್ಲಾಪುರ ರಸ್ತೆಯ ಬದಿಯ ಒಂದು ಗುಜರಿಗೆ ಹೋದೆವು. ಆಷಾಢದ ಮಧ್ಯಾಹ್ನ. ನಾಲ್ಕು ದಿನದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ನಮ್ಮ ವ್ಯಾನಿಗೆ ಹೊಂದುವ ಡಬ್ಬಿ ಎರಡಿದ್ದವು. ಒಂದನ್ನು ಒರೆಸಿ ಮೇಜಿನ ಮೇಲಿಟ್ಟಿದ್ದರು. ಮಂಜ ಅದರ ಶಾಫ್ಟ್ ತಿರುಗಿಸಿದ, ಒಂದೊಂದೇ ಗೇರ್ ಹಾಕಿ ನೋಡಿದ, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಕಬ್ಬಿಣದ ಪುಡಿ ಇದೆಯೇ ಎಂದು ಪರೀಕ್ಷಿಸಿದ. ಬೆಣ್ಣೆಯಂತೆ ತಿರುಗುತ್ತಿತ್ತು. ಇನ್ನೊಂದು ತಗಡಿನ ಮಾಡಿನ ಕೆಳಗೆ ನೆಲದ ಮೇಲೆ ಬಿದ್ದಿತ್ತು. ಮೈಮೇಲೆ ಪಾಚಿ, ಎರಡನೇ ಗೇರ್ ಬಿಗಿ. "ಅದು ಬ್ಯಾಡ ಸರ್. ಇದು ಕಣ್ಮುಚ್ಚಿ ತಗಳಿ," ಎಂದ ಮಂಜ. ನಾನೂ ಹೂಂ ಎಂದಿದ್ದೆ.

ಹಿಂದಿರುಗಿ ನೋಡುತ್ತೇನೆ, ಕಾರಿನಲ್ಲಿರಬೇಕಾದ ಅಕ್ಕ ಮಾಡಿನ ಕೆಳಗೆ ಬಂದು ಮಡಚಿದ ಗೋಣಿಯ ಮೇಲೆ ಕೂತಿದ್ದಾಳೆ. ಎರಡೂ ಅಂಗೈಯನ್ನು ಆ ಪಾಚಿಯ ಡಬ್ಬಿಯ ಮೇಲೆ ಊರಿದ್ದಾಳೆ, ಬಚ್ಚಲ ಒಲೆಯ ಮುಂದೆ ಕೈ ಕಾಸುವವರ ಹಾಗೆ. ಹಲ್ಲು ಕಟಕಟಿಸುತ್ತಿಲ್ಲ.

"ಕಾರೊಳಗೆ ಚಳಿ ತಡಿಯಲಾಗ್ತಿಲ್ಲೆ. ಆನು ಇಲ್ಲೇ ಕೂತ್ಗತ್ತೆ," ಎಂದಳು. "ಇದು ಬೆಚ್ಚಗಿದ್ದಲೋ ತಮಾ."

ಚಳಿ ನೆತ್ತಿಗೇರಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡು ಬಗ್ಗಿ ಮುಟ್ಟಿದೆ. ಬೆಚ್ಚಗಿತ್ತು. ಮಲಗಿ ಎದ್ದ ಹಸುವಿನ ಹೊಟ್ಟೆ ಹೇಗಿರುತ್ತದೋ ಹಾಗೆ. ಬಗಲಲ್ಲಿದ್ದ ಇನ್ನೊಂದು ಕಬ್ಬಿಣ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಮತ್ತೆ ಇದನ್ನು ಮುಟ್ಟಿದೆ, ಬೆಚ್ಚಗೆ. ಮಂಜನನ್ನು ಕರೆದೆ. ಅವನು ಮುಟ್ಟಿ, "ತಣ್ಣಗೇ ಉಂಟಲ್ಲ ಸರ್" ಎಂದ. ಗುಜರಿಯ ಸಾಹೇಬರೂ ಮುಟ್ಟಿದರು. "ಹೋದ ದೀಪಾವಳಿಯಿಂದ ಅಲ್ಲೇ ಬಿದ್ದೈತ್ರಿ. ಬೆಚ್ಚಗ ಹೆಂಗ ಇರ್ತೈತಿ?"

ಆಗ ನನಗೆ ಕಡ್ಡಿ ನೆನಪಾಯಿತು. ನಗಬೇಡಿ. ಚೀಲದಿಂದ ತೆಗೆದು, ಝಾಡಿಸಿ, ಎಣ್ಣೆ ಬಸಿಯುವ ತೂತಿನೊಳಗಿಟ್ಟು ಪೂರಾ ಎರಡು ನಿಮಿಷ ಕೂತೆ. ಮಂಜ ಮುಖ ಆ ಕಡೆ ಮಾಡಿ ನಕ್ಕ. ಪಾದರಸ ಇದ್ದಲ್ಲಿಂದ ಒಂದು ಕೂದಲಷ್ಟೂ ಮೇಲೇರಿರಲಿಲ್ಲ. ಕಡ್ಡಿ ತೆಗೆದು ಕೈಯಿಟ್ಟರೆ ಡಬ್ಬಿ ಬೆಚ್ಚಗೇ ಇತ್ತು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೇಳಿದ ಬುದ್ಧಿ ಆ ಹೊತ್ತಿಗೆ ಎಲ್ಲಿಗೆ ಹೋಯಿತೋ, "ಇದೇ ಇರಲಿ" ಎಂದುಬಿಟ್ಟೆ. ತಲೆ ಕೆಟ್ಟಿದೆ ಎಂದು ಮಂಜ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಅವನು ಅದನ್ನು ಬಿಚ್ಚಿ, ತೊಳೆದು, ಬಿಗಿಯಿದ್ದ ಗೇರ್ ಸಡಿಲಿಸಿ, ಸೋಮವಾರ ಸಂಜೆಯೊಳಗೆ ಕೂರಿಸಿಕೊಟ್ಟ. ನಮ್ಮದು ಇಂಜಿನ್, ಗೇರ್ ಬಾಕ್ಸ್ ಎಲ್ಲ ಸೀಟಿನ ಅಡಿಯಲ್ಲೇ ಇರುವ ವ್ಯಾನು. ಮುಂದಿನ ಸೀಟು ಓಡಿದಷ್ಟೂ ಬಿಸಿಯಾಗುವುದು ಹೊಸದಲ್ಲ, ಮೊದಲೂ ಆಗುತ್ತಿತ್ತು. ಆದರೆ ಆ ಮಂಗಳವಾರ ಬರುವಾಗ ಅಕ್ಕ ಕಂಬಳಿ ಕೇಳಲಿಲ್ಲ. ಅದರ ಮರು ಶುಕ್ರವಾರವೂ ಕೇಳಲಿಲ್ಲ. ಸೀಟಿಗೆ ಬೆನ್ನು ಕೊಟ್ಟು ನಿದ್ದೆ ಮಾಡುತ್ತಿದ್ದಳು. "ಬಿಟ್ಟಾಕನ" ಎಂಬ ಮಾತನ್ನು ಮತ್ತೆ ಆಡಲಿಲ್ಲ. ನಾಲ್ಕು ವರ್ಷವಾಯಿತು.

ಬಿಟ್ಟುಬಂದ ಆ ಚಂದದ ಡಬ್ಬಿ ಏನಾಯಿತು ಎಂದು ನೀವು ಕೇಳಬಹುದು. ಅದನ್ನು ಮಂಜ ಇಸಳೂರಿನ ಒಬ್ಬರ ವ್ಯಾನಿಗೆ ಹಾಕಿದ. ಇಂದಿಗೂ ಚೆನ್ನಾಗಿಯೇ ಓಡುತ್ತಿದೆ. ಅದು ಕೆಟ್ಟಿತು, ಇದು ಕಾಯಿತು ಎಂದು ಕಥೆ ಕಟ್ಟುವುದಕ್ಕೆ ನನ್ನ ಹತ್ತಿರ ಸಾಮಾನಿಲ್ಲ. ನನ್ನ ಡಬ್ಬಿಯಾದರೂ ವ್ಯಾನು ನಿಂತು ತಣಿದಾಗ ಎಲ್ಲ ಕಬ್ಬಿಣದಂತೆ ತಣ್ಣಗೇ ಇರುತ್ತದೆ. ಎಷ್ಟೋ ಬೆಳಿಗ್ಗೆ ಕೆಳಗೆ ತೂರಿ ಮುಟ್ಟಿ ನೋಡಿದ್ದೇನೆ. ಅಂದು ಏನಾಗಿತ್ತು ಎಂದು ನನಗೆ ಗೊತ್ತಿಲ್ಲ.

ಇದನ್ನು ಈಗ ಯಾಕೆ ಬರೆಯಲು ಕೂತೆ ಎಂದರೆ, ಮೊನ್ನೆ ಮಂಗಳವಾರ ಶಿರಸಿಯಿಂದ ಬರುವಾಗ ಸಿದ್ದಾಪುರ ಇನ್ನೂ ದೂರವಿರುವಾಗಲೇ ಅಕ್ಕ ಕಂಬಳಿ ಕೇಳಿದಳು. "ಸೀಟು ತಣ್ಣಗಾಯ್ದು ತಮಾ," ಎಂದಳು. ವ್ಯಾನು ನಿಲ್ಲಿಸಿ ಅವಳ ಸೀಟಿನ ಅಂಚಿಗೆ ಕೈಯಿಟ್ಟೆ. ಚುರುಕ್ ಎನ್ನುವಷ್ಟು ಬಿಸಿ. "ಬಿಸಿಯಿದ್ದಲೇ," ಎಂದೆ. ಅವಳು ಕಂಬಳಿ ಎಳೆದುಕೊಂಡಳು. ಡಾಕ್ಟರನ್ನು ಕೇಳಿದರೆ ನರದ ತೊಂದರೆ ಎಂದಾರು, ಅದೇ ಇರಬಹುದು. ಆದರೆ ಅಂದು ಗುಜರಿಯಲ್ಲಿ ನಮ್ಮಿಬ್ಬರ ಕೈಯೂ ಒಂದೇ ಮಾತು ಹೇಳಿತ್ತು. ಈ ಸಲ ಹೇಳುತ್ತಿಲ್ಲ. ನನಗೆ ಹೆದರಿಕೆಯಾಗಿದೆ.

ನಾಳೆ ಶುಕ್ರವಾರ. ಅಕ್ಕ ಎದ್ದು ಹೊರಡುವುದರೊಳಗೆ ವ್ಯಾನನ್ನು ಒಬ್ಬನೇ ಸಿದ್ದಾಪುರದವರೆಗೆ ಓಡಿಸಿಕೊಂಡು ಬಂದು, ಸೀಟು ಕಾಸಿ ಇಡಬೇಕು ಎಂದುಕೊಂಡಿದ್ದೇನೆ.