ಕಾಗದದಲ್ಲಿ ಇಲ್ಲದ ಗಿಡ

ನನ್ನ ಮನೆಗೆ ಯಾರಾದರೂ ಬಂದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಚಾಪೆಯ ಮೇಲೆ ಕೂರುತ್ತೇನೆ. ಇದನ್ನು ವಿನಯವೆಂದು ಭಾವಿಸಿದವರಿದ್ದಾರೆ. ಅವರ ಭ್ರಮೆಯನ್ನು ನಾನಾಗಿ ಕಳೆಯಲು ಹೋಗಿಲ್ಲ. ನಿಜ ಹೇಳಬೇಕೆಂದರೆ ಬರುವವರೂ ಅಪರೂಪ, ಇರುವ ಕುರ್ಚಿಯೂ ಒಂದೇ. ಚಾಪೆ ಮುಂಡೇವಿನದು, ನೀರಿನ ಅಂಚಿನಲ್ಲಿ ಪೊದೆಪೊದೆಯಾಗಿ ಬೆಳೆಯುವ, ಕೇದಗೆಯ ಬಳಗದ ಮುಳ್ಳುಗಿಡ ಅದು. ಘಟ್ಟದ ಮೇಲಿನಿಂದ ಬಂಟ್ವಾಳದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಐಸಮ್ಮ ಅದನ್ನು ಹೆಣೆದು ಕೊಟ್ಟಿದ್ದರು. ಸೆಕೆಗೆ ತಂಪು, ಮಳೆಗಾಲಕ್ಕೆ ಬೆಚ್ಚಗೆ. ಒಂಟಿ ಮನುಷ್ಯನೊಡನೆ ಇಷ್ಟು ಹೊಂದಿಕೊಂಡು ಹೋಗುವ ಸಂಗಾತಿ ಬೇರೆ ಸಿಗಲಾರದು.

ನಮ್ಮ ಬೀದಿಯ ಎದುರಿಗೆ, ನೇತ್ರಾವತಿಯ ನಡುವೆ, ಒಂದು ಕುದ್ರು ಇತ್ತು. ಹೊಳೆಯ ನಡುಗಡ್ಡೆಗೆ ಇಲ್ಲಿಯವರು ಹೇಳುವ ಹೆಸರದು. ಪ್ರತಿ ಮಳೆಗಾಲದಲ್ಲೂ ಹೊಳೆ ಅದನ್ನು ಇಷ್ಟಿಷ್ಟೇ ಕೊರೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ಅದನ್ನು ಉಳಿಸಬೇಕೆಂದು ಊರವರು ಸಮಿತಿ ಮಾಡಿಕೊಂಡಾಗ, ಗಿಡಮರ ಬಲ್ಲವನೆಂದು ನನ್ನನ್ನೂ ಸೇರಿಸಿಕೊಂಡರು. ರಜೆಯ ದಿನ ಎಲ್ಲಿಗೆ ಹೋಗಲೆಂದು ತಿಳಿಯದವನ ಕೈಗೆ ಒಂದು ದ್ವೀಪವನ್ನೇ ಒಪ್ಪಿಸಿದರೆ ಏನಾದೀತು ಹೇಳಿ? ನಾನು ಉಬ್ಬಿಹೋದೆ. ಕಂಡದ್ದನ್ನೆಲ್ಲ ನೆಡುವ ಮೊದಲು ಕುದ್ರು ಹಿಂದೆ ಹೇಗಿತ್ತೆಂದು ತಿಳಿಯಬೇಕು, ಹೊಳೆಯೊಡನೆ ತಲೆಮಾರುಗಟ್ಟಲೆ ಬಾಳಿದ ಗಿಡವೇ ಮುಂದೆಯೂ ಬಾಳೀತು ಎಂದು ಸಭೆಯಲ್ಲಿ ವಾದಿಸಿದೆ. ಆ ಮಾತು ತಪ್ಪೆಂದು ಇಂದಿಗೂ ಅನಿಸಿಲ್ಲ. ತಪ್ಪಿದ್ದು ನಾನು ಯಾರನ್ನು ಕೇಳಿದೆ ಎಂಬಲ್ಲಿ.

ನಾನು ಕೇಳಿದ್ದು ಅಡಂಗಲನ್ನು, ಅಂದರೆ ಹಳೆಯ ಕಾಲದ ಜಮೀನು ದಾಖಲೆಯನ್ನು. ಕಚೇರಿಯ ಧೂಳು ಕುಡಿದು, ಸೀನಿ ಸೀನಿ, ಕುದ್ರುವಿನ ಪುಟ ಹುಡುಕಿದೆ. ತೆಂಗು ಇತ್ತು, ಹುಣಸೆ ಇತ್ತು, ಮುಂಡೇವಿನ ಸುಳಿವೇ ಇರಲಿಲ್ಲ. ಹಾಗಿದ್ದರೆ ದಡದ ಸುತ್ತ ಹಬ್ಬಿದ ಪೊದೆ ನಡುವೆ ಬಂದು ನುಸುಳಿದ್ದೆಂದು ತೀರ್ಮಾನಿಸಿ, ಅದನ್ನು ಕಡಿದು ತೆಂಗಿನ ಸಸಿ ನೆಡಬೇಕೆಂದು ವರದಿ ಬರೆದೆ.

ಸುದ್ದಿ ತಿಳಿದು ಐಸಮ್ಮ ಬೇಲಿಯ ಹತ್ತಿರ ಬಂದರು. ಮನೆಯೊಳಗೆ ಬ್ಯಾರಿ, ಬೀದಿಯಲ್ಲಿ ತುಳು ಆಡುವ ಅವರು ನನಗಾಗಿ ಮಾತ್ರ ಕನ್ನಡವನ್ನು ಮೆಲ್ಲಗೆ ಜೋಡಿಸಿ ಆಡುತ್ತಿದ್ದರು.

“ಮಾಷ್ಟ್ರೇ, ಅದನ್ನು ತೆಗೀಬೇಡಿ. ನನ್ನ ಉಮ್ಮನ ಉಮ್ಮ ಸಹ ಅಲ್ಲಿಂದಲೇ ಎಲೆ ತರ್ತಿದ್ದದ್ದು. ಮಣ್ಣನ್ನು ಹಿಡಿದು ನಿಂತದ್ದೇ ಅದು.”

“ಕಾಗದದಲ್ಲಿ ಇಲ್ಲವಲ್ಲ, ಐಸಮ್ಮ.”

“ಕಾಗದದಲ್ಲಿ ಇಲ್ವಾ? ಹಾಗಾದ್ರೆ ನನಗೆ ಗೊತ್ತಿಲ್ಲ ಮಾಷ್ಟ್ರೇ,” ಎಂದು ಅವರು ಒಳಗೆ ಹೋದರು.

ಸಮಿತಿ ನನ್ನ ವರದಿಯಂತೆ ಪೊದೆ ಕಡಿಸಿ ಸಸಿ ನೆಡಿಸಿತು. ಮುಂದಿನ ಮಳೆಗಾಲದಲ್ಲಿ ನೆರೆ ಬಂತು. ನೀರು ಇಳಿದಾಗ ಕುದ್ರು ಅರ್ಧವೇ ಉಳಿದಿತ್ತು. ನನ್ನ ತೆಂಗಿನ ಸಸಿಗಳು ಒಂದೂ ಇರಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕುಸಿದು ಕೂತೆ. ಆಗ ಹೊಳೆಯಿತು: ಅಡಂಗಲ್ ಬರೆದ ಶಾನುಭೋಗರು ಸರಕಾರ ತೆರಿಗೆ ಹಾಕುವ ಮರಗಳನ್ನಷ್ಟೇ ಬರೆದಿದ್ದರು. ಮುಂಡೇವಿಗೆ ತೆರಿಗೆಯಿಲ್ಲ, ಆದ್ದರಿಂದ ಕಾಗದದಲ್ಲಿ ಅದಕ್ಕೆ ಜಾಗವೂ ಇಲ್ಲ. ಸಾಕ್ಷಿಯನ್ನು ನೆಲಕ್ಕೆ ಹಾಸಿ ಅದರ ಮೇಲೆಯೇ ಕೂತು ನಾನು ಸಾಕ್ಷಿಗಾಗಿ ಊರೆಲ್ಲ ಹುಡುಕಿದ್ದೆ. ನಾಚಿಕೆಯಿಂದ ಎರಡು ದಿನ ಅಂಗಳಕ್ಕೆ ಇಳಿಯಲಿಲ್ಲ.

ಮೂರನೆಯ ದಿನ ಐಸಮ್ಮನನ್ನೇ ಹೋಗಿ ಕೇಳಿದೆ. ಅವರು ಒಂದು ಕೊಂಕು ಮಾತೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತು. ದಡದಲ್ಲಿ ನಿಂತು, ಉಳಿದ ಕುದ್ರುವಿನಲ್ಲಿ ಹಿಂದೆ ಎಲ್ಲೆಲ್ಲಿ ಪೊದೆಯಿತ್ತೆಂದು ಬೆರಳು ಮಾಡಿ ತೋರಿಸಿದರು. ಅಲ್ಲೆಲ್ಲ ಮುಂಡೇವಿನ ಮರಿಗಳನ್ನು ಊರಿದೆವು. ಹೊಸ ವರದಿಯನ್ನೂ ಬರೆದೆ. ಆಮೇಲೆ ಅವರು ಬೆಳುವಾಯಿಯ ಮಗಳ ಮನೆಗೆ ಹೊರಟುಹೋದರು. ಪಕ್ಕದ ಮನೆಗೆ ಬೀಗ ಬಿದ್ದ ಮೇಲೆ, ಶಾಲೆಯಿಂದ ಬಂದರೆ ‘ಚಾ ಆಯ್ತಾ ಮಾಷ್ಟ್ರೇ?’ ಎಂದು ಕೇಳುವ ಒಂದು ದನಿಯೂ ಇಲ್ಲವಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮುಂಡೇವಿನ ಎಲೆಗಳು ಆಳುದ್ದ ಬೆಳೆದವು. ಕುದ್ರುವಿನ ಅಂಚು ಕುಸಿಯುವುದು ನಿಂತಿತು. ಒಂದು ಕಟ್ಟು ಎಲೆ ಕೊಯ್ದು, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ಬೆಳುವಾಯಿಗೆ ಒಯ್ದೆ. ಐಸಮ್ಮನ ಕಣ್ಣು ಮಂಜಾಗಿತ್ತು. ಎಲೆಯನ್ನು ಬುಡದಿಂದ ತುದಿಯವರೆಗೆ ಸವರಿ, “ಹದ ಉಂಟು,” ಎಂದರು. ಕಟ್ಟನ್ನು ಮಡಿಲಿಗೆ ಎಳೆದುಕೊಂಡು ಕೇಳಿದರು:

“ಈಗ ಕಾಗದದಲ್ಲಿ ಉಂಟಾ ಮಾಷ್ಟ್ರೇ?”

“ಉಂಟು ಐಸಮ್ಮ. ನಾನೇ ಬರೆದಿದ್ದೇನೆ.”

ಅವರ ಮುಖ ಅರಳಿತು. ನನಗೆ ಮಾತ್ರ ಯಾಕೋ ಕಸಿವಿಸಿಯಾಯಿತು.

ಮನೆಗೆ ಬಂದವನೇ ವರದಿಯ ಪ್ರತಿ ತೆಗೆದೆ. ಮುಂಡೇವು ಇತ್ತು, ಅದರ ಶಾಸ್ತ್ರೀಯ ಹೆಸರಿತ್ತು, ದಡ ಕಾಯುವ ಅದರ ಗುಣವಿತ್ತು. ಕೊನೆಗೆ ‘ಸ್ಥಳೀಯರೊಬ್ಬರ ಹೇಳಿಕೆಯಂತೆ’ ಎಂದಿತ್ತು. ಶಾನುಭೋಗರು ಗಿಡವನ್ನು ಬಿಟ್ಟಿದ್ದರು, ನಾನು ಮನುಷ್ಯರನ್ನೇ ಬಿಟ್ಟಿದ್ದೆ. ‘ಸ್ಥಳೀಯರೊಬ್ಬರ’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಐಸಮ್ಮನವರ’ ಎಂದು ಬರೆದೆ. ಸಮಿತಿ ಎಂದೋ ಚೆದುರಿಹೋಗಿತ್ತು. ತಿದ್ದಿದ ಪುಟವನ್ನು ಓದುವವರು ಯಾರೂ ಇರಲಿಲ್ಲ. ಹಳೆಯ ಚಾಪೆ ಬಿಡಿಸಿ ಕೂತು, ಎದುರಿನ ಖಾಲಿ ಕುರ್ಚಿಗೆ ಕೇಳುವಂತೆ, ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿದೆ.