ಹೊರನಾಡು ಎಲ್ಲಿದೆ, ಬಾಯಮ್ಮ?

ಹೊರನಾಡು ಎಲ್ಲಿದೆ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಹೊಸನಗರದಿಂದ ನಿಟ್ಟೂರಿಗೆ ಹೋಗುವ ದಾರಿಯ ಒಂದು ಪುಟ್ಟ ಇಗರ್ಜಿಯಲ್ಲಿ ಅದು ಇಡೀ ಮಳೆಗಾಲ ಇತ್ಯರ್ಥವಾಗದೆ ಉಳಿದಿತ್ತು. ಅದಕ್ಕೆ ಕಾರಣ ಅಲ್ಲಿ ಗಂಟೆ ಹೊಡೆಯುವ ನತಾಲಿಯಾ ಬಾಯಿ.

ಬೆಳಗಿನ ಐದೂವರೆ. ಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಎಳೆಯುತ್ತಾರೆ. ಗಂಟೆ ಭಾರ, ಬಾಯಿ ಹಗುರ. ಹಗ್ಗ ಮೇಲೇರುವಾಗ ಅವರ ಹಿಮ್ಮಡಿಯೂ ನೆಲ ಬಿಡುತ್ತದೆ. ಆಮೇಲೆ ಕಸ ಗುಡಿಸಬೇಕು, ಕರಗಿದ ಮೇಣ ಕೆರೆಯಬೇಕು, ಪೀಠದ ಬಟ್ಟೆಗೆ ಗಂಜಿ ಹಾಕಬೇಕು, ಪೂಜೆಗೆ ಮುನ್ನ ಸೇರಿದವರಿಗೆ ಪ್ರಾರ್ಥನೆ ಓದಿ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಅವರ ಕೆಲಸ ಇವರ ಕೈಗೆ ಬಂತು. ಹಗ್ಗ ಹಿಡಿಯುವುದು ಹೆಂಗಸರ ಕೆಲಸವೇ ಎಂದು ಆಗ ಗೊಣಗಿದವರು ಈಗ ಮಲಗಿದಲ್ಲೇ ಗಂಟೆ ಕೇಳುತ್ತಾರೆ.

ಎದ್ದು ಕೇಳುವವರು ಪಕ್ಕದ ಮನೆಯ ಹೂವಯ್ಯ. "ಬಾಯಮ್ಮ ಗಂಟೆ ಹೊಡೀದೆ ನಮ್ಮ ಎಮ್ಮೆ ಏಳಲ್ಲ ಮಾರಾಯ್ರೆ. ಅದು ಇವರ ಜಾತಿಗೆ ಸೇರ್ಬಿಟ್ಟಿದೆ."

"ಸೇರಿದ್ರೆ ಭಾನುವಾರ ಹಾಲು ಕೊಡಲ್ಲ, ನೋಡ್ಕಳಿ," ಎನ್ನುತ್ತಾರೆ ಬಾಯಿ.

ಮಳೆ ಹಿಡಿದ ಹೊಸತರಲ್ಲಿ ಎಲ್ಲಿಂದಲೋ ಅಚ್ಚಾಗಿ ಬಂದ ಪ್ರಾರ್ಥನೆಯ ಹಾಳೆಯಲ್ಲಿ ಹೀಗಿತ್ತು: "ಹೊರನಾಡಿನಲ್ಲಿ ನೆಲೆಸಿರುವ ಹಿಂದೂ ಬಾಂಧವರ ಒಂಟಿತನ ನೀಗಲಿ, ಅವರು ಬೆಳಕು ಕಾಣಲಿ." ಬಾಯಿಗೆ ಗೊತ್ತಿದ್ದ ಹೊರನಾಡು ಒಂದೇ, ಕಳಸದ ಹತ್ತಿರದ ಅನ್ನಪೂರ್ಣೇಶ್ವರಿಯದು. "ಅಲ್ಲಿ ಹೋದೋರಿಗೆಲ್ಲ ಊಟ ಹಾಕ್ತಾರೆ. ಪಂಕ್ತೀಲಿ ಕೂತೋರಿಗೆ ಒಂಟಿತನ ಎಲ್ಲಿಂದ ಬರ್ಬೇಕು?" ಆದರೂ ಹಾಳೆ ಹೇಳಿದ ಮೇಲೆ ಬಿಡುವಂತಿಲ್ಲ. ಬಸ್ಸು ತಿರುವಿನಲ್ಲಿ ಜಾರದಿರಲಿ, ಮಕ್ಕಳಿಗೆ ವಾಂತಿಯಾಗದಿರಲಿ, ಊಟದ ಹೊತ್ತಿಗೆ ಕರೆಂಟು ಹೋಗದಿರಲಿ ಎಂದು ಮಳೆಗಾಲವಿಡೀ ಬೇಡಿಕೊಂಡರು. ಜನ ಆಮೆನ್ ಅಂದರು. ಕೊನೆಗೊಂದು ದಿನ ಇದು ಫಾದರ್ ಕಿವಿಗೆ ಬಿತ್ತು. ಹೊರನಾಡು ಎಂದರೆ ಇಲ್ಲಿ ಹೊರದೇಶ ಎಂದು ಅವರು ನಗು ತಡೆದುಕೊಂಡು ತಿಳಿಸಿದರು.

"ಅಯ್ಯೋ, ಹಂಗಾದ್ರೆ ನಮ್ಮ ಚೈತ್ರಾ!"

ಚೈತ್ರಾ ಹೂವಯ್ಯನವರ ಮಗಳು. ಚಿಕ್ಕವಳಿದ್ದಾಗ ಇದೇ ಹಗ್ಗಕ್ಕೆ ಜೋತುಬಿದ್ದು ಬೈಸಿಕೊಂಡವಳು, ಈಗ ಐರ್ಲೆಂಡಿನಲ್ಲಿದ್ದಾಳೆ. ನರ್ಸ್ ಆಗಿ ಅಲ್ಲೇ ಉಳಿಯಲು ಒಂದು ಪರೀಕ್ಷೆ ಪಾಸಾಗಬೇಕು. ಒಮ್ಮೆ ಫೇಲಾಗಿದ್ದಾಳೆ; ಇನ್ನೊಮ್ಮೆ ಫೇಲಾದರೆ ಗಂಟುಮೂಟೆ ಕಟ್ಟಬೇಕು. ಮರುಪರೀಕ್ಷೆ ಡಿಸೆಂಬರಿನಲ್ಲಿ. "ಅಲ್ಲಿ ಆಗ ನಾಲ್ಕು ಗಂಟೆಗೇ ಕತ್ಲೆ ಅಂತೆ. ಬೆಳಕು ಕಾಣಲಿ ಅಂತ ಬರ್ದೋರಿಗೆ ಗೊತ್ತಿತ್ತು ನೋಡಿ," ಎನ್ನುತ್ತಾರೆ ಬಾಯಿ. ಆ ಸಾಲಿಗೆ ಬೇರೆ ಅರ್ಥವೂ ಇರಬಹುದು. ಅದನ್ನು ಅವರಿಗೆ ಹೇಳುವ ಧೈರ್ಯ ಫಾದರ್‌ಗೂ ಬಂದಿಲ್ಲ.

ತೊಡಕು ಶುರುವಾದದ್ದು ಆಮೇಲೆ. ಚೈತ್ರಾ ಫೋನಿನಲ್ಲಿ, "ಬಾಯಮ್ಮ, ನಾನು ಇಲ್ಲೇ ನಿಲ್ಲೋ ಹಂಗೆ ನಿಮ್ಮ ದೇವ್ರಿಗೆ ಹೇಳಿ," ಅಂದಳು. ಅದೇ ಸಂಜೆ ಅವಳ ತಾಯಿ ವರದಮ್ಮ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ಫೇಲಾಗ್ಲಿ ಅಂತ ಹೇಳಲ್ಲ, ತಾಯಿ ನಾನು. ಮನೆಗೆ ಬರೋ ಹಂಗಾಗ್ಲಿ ಅನ್ನಿ."

"ಎರಡೂ ಒಂದೇ ಅಲ್ವಾ ವರದಮ್ಮ?"

"ನಿಮ್ಮ ಕೊಂಕಣೀಲಿ ಹೇಳಿ. ಅವಳಿಗೆ ಗೊತ್ತಾಗಲ್ಲ."

ಒಂದೇ ದೇವರ ಮುಂದೆ ಎರಡು ಮಾತು. ಬಾಯಿ ವಾರಗಟ್ಟಲೆ ಕೊರಗಿದರು. ಪರೀಕ್ಷೆಯ ದಿನ ಬೆಳಿಗ್ಗೆ ಗಂಟೆ ಹೊಡೆದು, ಹಾಳೆ ಬದಿಗಿಟ್ಟು, ಕನ್ನಡದಲ್ಲೇ ಹೇಳಿದರು: "ಹೊರನಾಡಿನಲ್ಲಿರುವ ನಮ್ಮ ಚೈತ್ರಾಗೆ ಬೆಳಕು ಕಾಣಲಿ. ಇಲ್ಲಿರುವ ಅವಳ ತಾಯಿಗೂ." ಬಾಗಿಲ ಹೊರಗೆ ಹಾಲಿನ ಕ್ಯಾನು ಹಿಡಿದು ನಿಂತಿದ್ದ ವರದಮ್ಮ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ತಡವಾಗಿ, ಆಮೆನ್ ಅಂದರು.

"ಪಾಸಾಗ್ಲಿ ಅಂತ್ಲೂ ಹೇಳ್ಲಿಲ್ಲ, ಬರ್ಲಿ ಅಂತ್ಲೂ ಹೇಳ್ಲಿಲ್ಲ," ಎನ್ನುತ್ತಾರೆ ಬಾಯಿ, ಹಗ್ಗವನ್ನು ಗೂಟಕ್ಕೆ ಸುತ್ತುತ್ತ. "ನಾನು ಎಳ್ಯೋಳು ಅಷ್ಟೆ. ಎಲ್ಲೀವರೆಗೆ ಕೇಳುತ್ತೆ ಅನ್ನೋದು ಗಂಟೆಗೆ ಬಿಟ್ಟಿದ್ದು."

ಚೈತ್ರಾ ಪಾಸಾಗಿದ್ದಾಳೆ. ವರದಮ್ಮ ಬಸ್ಸು ಹತ್ತಿ ಹೊರನಾಡಿಗೆ ಹೋಗಿ, ಊಟ ಮಾಡಿಕೊಂಡು ಬಂದಿದ್ದಾರೆ.